ಕೇಳದವನಿಗೂ ಸಲ್ಲಬೇಕಾದ ಹಕ್ಕು

ಬೆಳಕು ಹರಿಯುವುದಕ್ಕೆ ಮುಂಚೆಯೇ ಮಾರಿಕುಪ್ಪದಿಂದ ಹೊರಟ ರೈಲು ಚಾಂಪಿಯನ್, ಉರಿಗಾಂ, ಕೋರಮಂಡಲ್ ನಿಲ್ದಾಣಗಳಲ್ಲಿ ಜನರನ್ನು ತುಂಬಿಕೊಳ್ಳುತ್ತ ಬಂಗಾರಪೇಟೆಗೆ ಬಂದು, ಅಲ್ಲಿಂದ ಬೆಂಗಳೂರಿನ ದಾರಿ ಹಿಡಿಯುವುದನ್ನು ಈ ಪ್ರಾಂತದ ವಾಚಕರೆಲ್ಲರೂ ಬಲ್ಲರು. 2001ರಲ್ಲಿ ಚಿನ್ನದ ಗಣಿಯು ಮುಚ್ಚಿಹೋದ ತರುವಾಯ ಗಣಿ ಕಾರ್ಮಿಕರ ಮಕ್ಕಳು ಮೊಮ್ಮಕ್ಕಳಲ್ಲಿ ಸಾವಿರಾರು ಮಂದಿಗೆ ಈ ರೈಲೇ ಅನ್ನದ ದಾರಿಯಾಗಿರುವುದು. ಅದು ತಪ್ಪಿತೆಂದರೆ ಆ ದಿನದ ಕೂಲಿಯು ತಪ್ಪಿತು; ನಾಲ್ಕು ದಿನ ತಪ್ಪಿತೆಂದರೆ ಕೆಲಸವೇ ತಪ್ಪಿತು.

ಒಂದು ದಿನ ಆ ರೈಲಿನಲ್ಲಿ ಒಬ್ಬನ ಸ್ಥಳವು ಬರಿದಾಗಿರುವುದೆಂದು ಭಾವಿಸೋಣ. ಹಿಂದಿನ ರಾತ್ರಿ ಯಾವುದೋ ಹೊಡೆದಾಟದಲ್ಲಿಯೋ ಕಳವಿನ ಸಂಶಯದಲ್ಲಿಯೋ ಅವನನ್ನು ದಸ್ತಗಿರಿ ಮಾಡಿರುವರು. ಇಪ್ಪತ್ತನಾಲ್ಕು ಗಂಟೆಯೊಳಗಾಗಿ ಅವನನ್ನು ಮ್ಯಾಜಿಸ್ಟ್ರೇಟರ ಸಮ್ಮುಖದಲ್ಲಿ ನಿಲ್ಲಿಸುವರು. ಅವನ ಮನೆಮಾತು ತಮಿಳು ಅಥವಾ ತೆಲುಗು. ಪೊಲೀಸಿನವರ ಕಾಗದಗಳು ಕನ್ನಡದಲ್ಲಿವೆ. ಅವುಗಳ ನಡುನಡುವೆ ಬರುವ ಕಾಯಿದೆಯ ಶಬ್ದಗಳೋ ಇಂಗ್ಲಿಷಿನವು. ನ್ಯಾಯಾಧೀಶರ ಮುಂದೆ ಆ ದಿನ ಕಡತಗಳ ರಾಶಿಯೇ ಇರುವುದು. "ಏನಾದರೂ ಹೇಳುವುದಿದೆಯೇ?" ಎಂಬ ಪ್ರಶ್ನೆಗೆ ಅವನು ಕೈಜೋಡಿಸಿ ಸುಮ್ಮನೆ ನಿಲ್ಲುವನು. ಕೆಲವು ನಿಮಿಷಗಳಲ್ಲಿ ಕಾರ್ಯ ಮುಗಿಯಿತು. ಆತನನ್ನು ಹದಿನಾಲ್ಕು ದಿನಗಳ ಮಟ್ಟಿಗೆ ಜೈಲಿಗೆ ಕಳುಹಿಸಲಾಯಿತು. ಇದು ಯಾವನೊಬ್ಬನ ಕಥೆಯೂ ಅಲ್ಲ, ವಿಷಯವನ್ನು ವಿಶದಪಡಿಸುವುದಕ್ಕಾಗಿ ನಾವು ಕಲ್ಪಿಸಿದ ಉದಾಹರಣೆ. ಆದರೆ ಕೋರ್ಟುಗಳ ಮೆಟ್ಟಿಲು ಹತ್ತಿದವರಾರೂ ಇದನ್ನು ಅಸಂಭವವೆನ್ನಲಾರರು.

ನಮ್ಮ ಪ್ರಶ್ನೆಯು ಇಷ್ಟೇ: ಆ ಕೆಲವು ನಿಮಿಷಗಳಲ್ಲಿ ಅವನ ಪಕ್ಕದಲ್ಲಿ ನಿಂತವರು ಯಾರು? ಯಾರೂ ನಿಲ್ಲದೆ ಹೋಗಿದ್ದರೆ ತಪ್ಪು ಯಾರದು? "ಅವನು ವಕೀಲನನ್ನು ಕೇಳಲೇ ಇಲ್ಲವಲ್ಲ!" ಎಂಬ ಉತ್ತರವು ಸಿದ್ಧವಾಗಿಯೇ ಇರುವುದು. ಆ ಉತ್ತರವನ್ನು ನಮ್ಮ ದೇಶದ ಕಾಯಿದೆಯು ಒಪ್ಪುವುದಿಲ್ಲವೆಂಬುದನ್ನೂ, ಹಾಗೆ ಒಪ್ಪದ ಸ್ಥಿತಿಗೆ ಅದು ಎಷ್ಟು ನಿಧಾನವಾಗಿ ಬಂದು ಮುಟ್ಟಿತೆಂಬುದನ್ನೂ ವಾಚಕರ ಮುಂದೆ ಇಡುವುದೇ ಈ ಲೇಖನದ ಉದ್ದೇಶವು.

ಚಿನ್ನಕ್ಕೆ ಕಾವಲು, ಕೂಲಿಗೆ ಭಾರ

ಈ ವಿಚಾರವನ್ನು ಕೋಲಾರದ ಚಿನ್ನದ ಗಣಿ ಪ್ರದೇಶದಿಂದಲೇ ಆರಂಭಿಸುವುದಕ್ಕೆ ಕಾರಣವುಂಟು. 1880ರಲ್ಲಿ ಜಾನ್ ಟೇಲರ್ ಕಂಪೆನಿಯವರು ಇಲ್ಲಿ ಕಾಲಿಟ್ಟ ಮೇಲೆ ಉತ್ತರ ಆರ್ಕಾಟು, ಚಿತ್ತೂರು ಸೀಮೆಗಳಿಂದ ಬಂದ ಬಡ ಜನರು, ಅವರಲ್ಲಿಯೂ ಬಹು ಮಂದಿ ಅಸ್ಪೃಶ್ಯರೆನಿಸಿಕೊಂಡಿದ್ದವರು, ನೆಲದಡಿಗಿಳಿದು ಚಿನ್ನವನ್ನು ಮೇಲಕ್ಕೆ ತಂದರು. ಆ ಚಿನ್ನವು ಕಳುವಾಗಬಾರದೆಂದು ಮೈಸೂರು ಸಂಸ್ಥಾನವು 1897ರಲ್ಲಿ ಗಣಿಗಳ ರೆಗ್ಯುಲೇಷನ್ ಒಂದನ್ನು ಜಾರಿಗೆ ತಂದಿತು. ಚಿನ್ನದ ಅದಿರನ್ನು ಇಟ್ಟುಕೊಂಡಿರುವನೆಂದು ಸಂಶಯ ಬಂದವನನ್ನು ವಾರಂಟು ಇಲ್ಲದೆ ಹಿಡಿಯಬಹುದಾಗಿತ್ತು. ಅದು ತನ್ನಲ್ಲಿಗೆ ಹೇಗೆ ಬಂದಿತೆಂಬುದನ್ನು ರುಜುವಾತುಪಡಿಸುವ ಭಾರವೂ ಅವನ ಮೇಲೆಯೇ ಬೀಳುತ್ತಿತ್ತು. ಅಪರಾಧವನ್ನು ಸರಕಾರವೇ ಸಾಧಿಸಬೇಕೆಂಬ ಸಾಮಾನ್ಯ ನಿಯಮವು ಇಲ್ಲಿ ತಲೆಕೆಳಗಾಯಿತು. ಗಣಿ ಪ್ರದೇಶಕ್ಕೆಂದೇ ಪ್ರತ್ಯೇಕ ಪೊಲೀಸು ವ್ಯವಸ್ಥೆಯೂ ಏರ್ಪಟ್ಟಿತು. ಕಂಪೆನಿಗಳು ತಮ್ಮದೇ ಕಾವಲುಗಾರರನ್ನೂ ಇಟ್ಟುಕೊಂಡುವು. 1930ರಲ್ಲಿ ಕೆಲಸಗಾರರೆಲ್ಲರ ಬೆರಳಚ್ಚನ್ನು ತೆಗೆದುಕೊಳ್ಳಲು ಹೊರಟಾಗ, ತಮ್ಮನ್ನು ಕಳ್ಳರ ಪಟ್ಟಿಗೆ ಸೇರಿಸುತ್ತಿರುವರೆಂದು ನೊಂದು ಅವರು ವಾರಗಟ್ಟಲೆ ಕೆಲಸ ನಿಲ್ಲಿಸಿದ ಸಂಗತಿಯು ಚರಿತ್ರೆಯಲ್ಲಿ ದಾಖಲಾಗಿರುವುದು.

ನಿರಪರಾಧಿಯೆಂದು ತಾನೇ ತೋರಿಸಿಕೊಳ್ಳಬೇಕಾದವನಿಗೆ ಬೇಕಾದುದು ಏನು? ಸಾಕ್ಷಿಯನ್ನು ಕರೆಯಿಸಬಲ್ಲ, ಪಾಟೀಸವಾಲು ಮಾಡಬಲ್ಲ, ಕಾಯಿದೆಯ ಭಾಷೆಯಲ್ಲಿ ಮಾತನಾಡಬಲ್ಲ ಒಬ್ಬ ಮನುಷ್ಯನು. ಚಿನ್ನದ ಕಾವಲಿಗೆ ಇಷ್ಟೆಲ್ಲ ಏರ್ಪಾಡು ಮಾಡಿದ ಕಾಯಿದೆಯು, ಅದನ್ನು ತೆಗೆದ ಕೂಲಿಯು ಕಟಕಟೆಯಲ್ಲಿ ನಿಂತಾಗ ಅವನಿಗೊಬ್ಬ ವಕೀಲನನ್ನು ಒದಗಿಸುವ ಹೊಣೆಯನ್ನು ಯಾರ ಮೇಲೆಯೂ ಹೊರಿಸಲಿಲ್ಲ. ಹಣವುಳ್ಳವನು ವಕೀಲನನ್ನು ತಂದುಕೊಳ್ಳಬಹುದಾಗಿತ್ತು. ಇಲ್ಲದವನು ದೇವರನ್ನು ನೆನೆಯಬಹುದಾಗಿತ್ತು.

ಸಾಲಕ್ಕೆ ಪ್ರತಿನಿಧಿ, ಪ್ರಾಣಕ್ಕೆ ಇಲ್ಲ

ಇದು ಆ ಕಾಲದ ಆಳುವವರೊಬ್ಬರದೇ ದೋಷವಾಗಿತ್ತೆಂದು ಹೇಳಿದರೆ ಸತ್ಯಕ್ಕೆ ಅಪಚಾರವಾದೀತು. ನಮ್ಮ ಧರ್ಮಶಾಸ್ತ್ರಕಾರರು ವ್ಯವಹಾರವನ್ನು, ಎಂದರೆ ನ್ಯಾಯವಿಚಾರಣೆಯನ್ನು, ಬಹು ಸೂಕ್ಷ್ಮವಾಗಿ ವಿಭಾಗಿಸಿದವರು. ಕಲ್ಯಾಣದಲ್ಲಿ ಕುಳಿತು ಮಿತಾಕ್ಷರವನ್ನು ರಚಿಸಿದ ವಿಜ್ಞಾನೇಶ್ವರನು ಭಾಷಾ, ಉತ್ತರ, ಕ್ರಿಯಾ, ಸಾಧ್ಯಸಿದ್ಧಿ ಎಂದು ವ್ಯವಹಾರಕ್ಕೆ ನಾಲ್ಕು ಪಾದಗಳನ್ನು ಹೇಳಿರುವನು. ಫಿರ್ಯಾದಿಯ ಮಾತಿಗೆ ಪ್ರತಿವಾದಿಯ ಉತ್ತರವು ಬಾರದೆ ವಿಚಾರಣೆಯು ಮುಂದೆ ನಡೆಯದೆಂಬುದು ಇದರ ತಾತ್ಪರ್ಯ. ಆದರೂ ಕಾತ್ಯಾಯನನು ಹಣಕಾಸಿನ ವ್ಯಾಜ್ಯಗಳಲ್ಲಿ ಪ್ರತಿನಿಧಿಯನ್ನು ಒಪ್ಪಿದಂತೆ, ಕೊಲೆ, ಕಳವು ಮುಂತಾದ ಘೋರಾಪರಾಧಗಳಲ್ಲಿ ಒಪ್ಪಲಿಲ್ಲ. ಆಪಾದಿತನು ತಾನೇ ನಿಂತು ಉತ್ತರ ಕೊಡಬೇಕು. ನ್ಯಾಯದ ತವರೆಂದು ಹೇಳಿಕೊಳ್ಳುತ್ತಿದ್ದ ಇಂಗ್ಲೆಂಡಿನಲ್ಲಿಯೂ ಸ್ಥಿತಿಯು ಇದಕ್ಕಿಂತ ಮೇಲಾಗಿರಲಿಲ್ಲ. ಅಲ್ಲಿ ಜಮೀನಿನ ದಾವೆಗೆ ವಕೀಲನು ವಾದಿಸಬಹುದಾಗಿತ್ತು. ಗಲ್ಲಿಗೇರಬಹುದಾದ ಅಪರಾಧಗಳಲ್ಲಿ ಆಪಾದಿತನ ಪರವಾಗಿ ಜೂರಿಯವರನ್ನುದ್ದೇಶಿಸಿ ಪೂರ್ಣವಾಗಿ ವಾದಿಸುವ ಹಕ್ಕು ವಕೀಲನಿಗೆ ಬಂದುದು 1836ರ ಕಾಯಿದೆಯಿಂದ. ಸಾಲಕ್ಕೆ ಪ್ರತಿನಿಧಿಯುಂಟು, ಪ್ರಾಣಕ್ಕೆ ಇಲ್ಲ ಎಂಬ ಈ ವಿಪರೀತವು ಪೂರ್ವಪಶ್ಚಿಮಗಳೆರಡರಲ್ಲಿಯೂ ಬಹುಕಾಲ ನಡೆದು ಬಂದಿತು. ಪ್ರಾಚೀನವೆಂದ ಮಾತ್ರಕ್ಕೆ ಎಲ್ಲವೂ ಗ್ರಾಹ್ಯವಲ್ಲ. ಆಂಗ್ಲವೆಂದ ಮಾತ್ರಕ್ಕೆ ಎಲ್ಲವೂ ನ್ಯಾಯವೂ ಅಲ್ಲ.

ಬ್ರಿಟಿಷ್ ಇಂಡಿಯಾದ 1898ರ ದಂಡಪ್ರಕ್ರಿಯಾ ಸಂಹಿತೆಯ 340ನೆಯ ಕಲಮು ಆಪಾದಿತನು ವಕೀಲನ ಮೂಲಕ ಸಮರ್ಥಿಸಿಕೊಳ್ಳಬಹುದೆಂದು ಹೇಳಿತು. "ಬಹುದು" ಎಂಬ ಆ ಒಂದು ಪ್ರತ್ಯಯದಲ್ಲಿ ಬಡವನ ಪಾಡೆಲ್ಲವೂ ಅಡಗಿದ್ದಿತು. ಆದಾಗ್ಯೂ ಆ ಬಾಗಿಲು ತೆರೆದಿದ್ದುದರಿಂದ ನಮ್ಮ ರಾಷ್ಟ್ರಕ್ಕೆ ಉಪಕಾರವಾಗದೆ ಇರಲಿಲ್ಲ. 1945ರ ನವೆಂಬರಿನಲ್ಲಿ ದೆಹಲಿಯ ಕೆಂಪುಕೋಟೆಯಲ್ಲಿ ಆಜಾದ್ ಹಿಂದ್ ಫೌಜಿನ ಷಾ ನವಾಜ್ ಖಾನ್, ಸೆಹಗಲ್, ಧಿಲ್ಲೋನ್ ಈ ಮೂವರು ಅಧಿಕಾರಿಗಳನ್ನು ವಿಚಾರಣೆಗೆ ನಿಲ್ಲಿಸಿದಾಗ, ವೃದ್ಧರೂ ಅಸ್ವಸ್ಥರೂ ಆಗಿದ್ದ ಭೂಲಾಭಾಯಿ ದೇಸಾಯಿಯವರು ಅವರ ಪರವಾಗಿ ವಾದಿಸಿದರು. ಜವಾಹರಲಾಲ್ ನೆಹರೂರವರು ಬಹುಕಾಲ ಬಿಟ್ಟಿದ್ದ ಬ್ಯಾರಿಸ್ಟರ್ ನಿಲುವಂಗಿಯನ್ನು ಮತ್ತೆ ತೊಟ್ಟರು. ಸರಕಾರದ ಕಣ್ಣಿಗೆ ರಾಜದ್ರೋಹಿಗಳಾಗಿದ್ದವರ ಪಕ್ಕದಲ್ಲಿ ದೇಶದ ಶ್ರೇಷ್ಠ ವಕೀಲರು ನಿಂತರೆಂಬುದನ್ನು ನಾವು ಇಂದಿಗೂ ಹೆಮ್ಮೆಯಿಂದ ಸ್ಮರಿಸುತ್ತೇವೆ. ಆ ಹೆಮ್ಮೆಯು ನಿಜವಾದುದಾದರೆ, ಅದರ ಋಣವನ್ನು ತೀರಿಸುವ ಹೊಣೆಯೂ ನಮ್ಮ ಮೇಲಿರುವುದು.

ರಾಜ್ಯಾಂಗದ ವಚನ

ಸ್ವತಂತ್ರ ಭಾರತದ ರಾಜ್ಯಾಂಗವನ್ನು ರಚಿಸಿದ ಸಭೆಯಲ್ಲಿ ಮೈಸೂರಿನ ಪ್ರತಿನಿಧಿಗಳೂ ಇದ್ದರು. ಅವರಲ್ಲಿ ಒಬ್ಬರಾದ ಕೆ. ಚೆಂಗಲರಾಯ ರೆಡ್ಡಿಯವರು ಚಿನ್ನದ ಗಣಿಗೆ ಸಮೀಪದ ಕ್ಯಾಸಂಬಳ್ಳಿಯವರು, ಕಾನೂನನ್ನು ಓದಿದವರು, 1947ರಲ್ಲಿ ಮೈಸೂರಿನ ಮೊದಲನೆಯ ಮುಖ್ಯಮಂತ್ರಿಗಳಾದವರು. ಆದಕಾರಣ ರಾಜ್ಯಾಂಗವು ದೆಹಲಿಯವರು ಬರೆದು ಕಳುಹಿಸಿದ ಕಾಗದವೆಂದು ಈ ಸೀಮೆಯವರು ಹೇಳುವಂತಿಲ್ಲ.

ಮನುಷ್ಯನ ಪ್ರಾಣ ಮತ್ತು ಸ್ವಾತಂತ್ರ್ಯಗಳ ರಕ್ಷಣೆಯ ವಿಧಿಯನ್ನು ಸಭೆಯು ಅಂಗೀಕರಿಸಿದಾಗ, ಶಾಸನವು ಹಾಕಿದ ಯಾವ ಕ್ರಮದಿಂದಲಾದರೂ ಅವನ್ನು ಕಳೆಯಬಹುದೆಂಬ ಅರ್ಥವು ಅದರಿಂದ ಹೊರಡುವುದೆಂದು ಅನೇಕರು ಅಸಮಾಧಾನಪಟ್ಟರು. ಆ ಕೊರತೆಯನ್ನು ಸ್ವಲ್ಪಮಟ್ಟಿಗಾದರೂ ತುಂಬುವುದಕ್ಕಾಗಿ ಡಾಕ್ಟರ್ ಅಂಬೇಡ್ಕರ್‌ರವರು 1949ರ ಸೆಪ್ಟೆಂಬರ್ 15ರಂದು ಹೊಸದೊಂದು ವಿಧಿಯನ್ನು ಮಂಡಿಸಿದರು. ಅದೇ ಇಂದಿನ 22ನೆಯ ವಿಧಿ. ದಸ್ತಗಿರಿಯಾದವನಿಗೆ ಅದರ ಕಾರಣವನ್ನು ತಿಳಿಸಬೇಕು. ತನಗೆ ಒಪ್ಪಿಗೆಯಾದ ವಕೀಲನೊಡನೆ ಸಮಾಲೋಚಿಸುವ ಮತ್ತು ಅವನಿಂದ ಸಮರ್ಥನೆ ಪಡೆಯುವ ಹಕ್ಕನ್ನು ಅವನಿಗೆ ನಿರಾಕರಿಸಕೂಡದು. ಇಪ್ಪತ್ತನಾಲ್ಕು ಗಂಟೆಯೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕು. ಹೀಗೆ, ಶಾಸನಸಭೆಯು ಮನಸ್ಸು ಬಂದಾಗ ಕೊಟ್ಟು ಬೇಡವಾದಾಗ ಕಿತ್ತುಕೊಳ್ಳಬಹುದಾಗಿದ್ದ ಸೌಲಭ್ಯವು ಮೂಲಭೂತ ಹಕ್ಕಾಗಿ ಪರಿಣಮಿಸಿತು. ಮುನ್ನೆಚ್ಚರಿಕೆಯ ಬಂಧನಕ್ಕೆ ಒಳಗಾದವರಿಗೆ ಮಾತ್ರ ಇದು ಅನ್ವಯಿಸದೆಂದು ಅದೇ ವಿಧಿಯು ಹೇಳಿರುವುದು; ಆ ವಿಚಾರವೇ ಬೇರೆ.

ಆದರೆ "ನಿರಾಕರಿಸಕೂಡದು" ಎಂಬುದಕ್ಕೂ "ಒದಗಿಸಬೇಕು" ಎಂಬುದಕ್ಕೂ ಅಜಗಜಾಂತರವಿದೆ. ಈ ಅಂತರವು ಬಹುಬೇಗನೆ ಬಯಲಿಗೆ ಬಂದಿತು. ತೆಲಂಗಾಣದ ರೈತ ಹೋರಾಟದ ಕಾಲದಲ್ಲಿ ಹೈದರಾಬಾದು ಸಂಸ್ಥಾನದ ವಿಶೇಷ ನ್ಯಾಯಮಂಡಲಿಗಳಿಂದ ಮರಣದಂಡನೆಗೆ ಗುರಿಯಾದ ಕೆಲವರು, ತಮಗೆ ವಕೀಲರಿಲ್ಲದೆಯೇ ವಿಚಾರಣೆ ನಡೆಯಿತೆಂದು ಸುಪ್ರೀಂ ಕೋರ್ಟಿನ ಮೊರೆಹೊಕ್ಕರು. ಅಮೆರಿಕದ ಶ್ರೇಷ್ಠ ನ್ಯಾಯಾಲಯವು 1932ರಲ್ಲಿ, ಅಲಬಾಮಾದ ನೀಗ್ರೋ ತರುಣರ ಮೊಕದ್ದಮೆಯಲ್ಲಿ, ಪ್ರಾಣಾಂತಿಕವಾದ ಆಪಾದನೆಗೆ ಗುರಿಯಾದ ಅಸಹಾಯಕನಿಗೆ ಕೋರ್ಟೇ ವಕೀಲನನ್ನು ಕೊಡಬೇಕೆಂದು ಹೇಳಿದ್ದುದನ್ನು ಅವರ ಪರವಾಗಿ ತೋರಿಸಲಾಯಿತು. 1951ರಲ್ಲಿ ಹೊರಟ ತೀರ್ಪು ಅದನ್ನು ಇಲ್ಲಿಯ ನಿಯಮವೆಂದು ಸ್ವೀಕರಿಸಲಿಲ್ಲ. ಆಪಾದಿತನಿಗೆ ಅವಕಾಶವನ್ನು ಕೊಡುವುದು ನ್ಯಾಯಾಧೀಶನ ಕರ್ತವ್ಯ. ವಕೀಲನಿರಲಿಲ್ಲವೆಂಬ ಮಾತ್ರದಿಂದಲೇ ವಿಚಾರಣೆಯು ಅಸಿಂಧುವಾಗದು ಎಂಬುದು ಅದರ ಸಾರ. ಹಕ್ಕು ಇತ್ತು, ಅದನ್ನು ಕೊಂಡುಕೊಳ್ಳುವ ಶಕ್ತಿಯಿದ್ದವನಿಗೆ ಮಾತ್ರ ಇತ್ತು.

"ಬಹುದು" ಹೋಗಿ "ಬೇಕು" ಬಂದುದು

ಅಲ್ಲಿಂದ ಮುಂದಕ್ಕೆ ಸಾಗಲು ಕಾಲು ಶತಮಾನ ಹಿಡಿಯಿತು. 1973ರ ದಂಡಪ್ರಕ್ರಿಯಾ ಸಂಹಿತೆಯು, ಸೆಷನ್ಸ್ ಕೋರ್ಟಿನ ವಿಚಾರಣೆಯಲ್ಲಿ ಬಡ ಆಪಾದಿತನಿಗೆ ಸರಕಾರದ ಖರ್ಚಿನಲ್ಲಿ ವಕೀಲನನ್ನು ನೇಮಿಸಬೇಕೆಂದು 304ನೆಯ ಕಲಮಿನಲ್ಲಿ ವಿಧಿಸಿತು. 1976ರ ತಿದ್ದುಪಡಿಯಿಂದ ರಾಜ್ಯಾಂಗಕ್ಕೆ 39-ಎ ವಿಧಿಯು ಸೇರಿ, ಹಣವಿಲ್ಲದ ಕಾರಣದಿಂದ ಯಾರಿಗೂ ನ್ಯಾಯವು ತಪ್ಪಬಾರದೆಂದು ಸಾರಿತು.

1978ರ ಹೊಸ್ಕೋಟ್ ಮೊಕದ್ದಮೆಗೆ ನಮ್ಮ ಧಾರವಾಡದ ಸಂಬಂಧವೊಂದುಂಟು. ಕರ್ನಾಟಕ ವಿಶ್ವವಿದ್ಯಾಲಯದ ಸುಳ್ಳು ಮುದ್ರೆಯನ್ನು ಮಾಡಿಸಲು ಹೊರಟನೆಂದು ವಿದ್ಯಾವಂತನೊಬ್ಬನು ಮಹಾರಾಷ್ಟ್ರದಲ್ಲಿ ಶಿಕ್ಷಿತನಾಗಿದ್ದನು. ಹೈಕೋರ್ಟು ಶಿಕ್ಷೆಯನ್ನು ಹೆಚ್ಚಿಸಿ ಕೊಟ್ಟ ತೀರ್ಪಿನ ನಕಲು ಸಕಾಲದಲ್ಲಿ ತನ್ನ ಕೈಸೇರಲಿಲ್ಲವೆಂದು ಆತನು ವರ್ಷಗಳ ತರುವಾಯ ಸುಪ್ರೀಂ ಕೋರ್ಟಿಗೆ ಹೋದನು. ಆತನ ಮನವಿಯು ವಜಾ ಆಯಿತು. ಆದರೆ ನ್ಯಾಯಮೂರ್ತಿ ಕೃಷ್ಣ ಅಯ್ಯರ್‌ರವರು ಆ ಸಂದರ್ಭದಲ್ಲಿಯೇ, ತೀರ್ಪಿನ ನಕಲನ್ನು ಕೈದಿಗೆ ಉಚಿತವಾಗಿ ಕೊಡುವುದೂ, ಬಡ ಕೈದಿಗೆ ವಕೀಲನನ್ನು ಒದಗಿಸುವುದೂ ಸರಕಾರದ ಕರ್ತವ್ಯವೆಂದು ನಿರ್ಣಯಿಸಿದರು. ಮರುವರ್ಷ, 1979ರಲ್ಲಿ, ಬಿಹಾರದ ಜೈಲುಗಳಲ್ಲಿ ಕೊಳೆಯುತ್ತಿದ್ದ ವಿಚಾರಣಾಧೀನ ಕೈದಿಗಳ ಪರವಾಗಿ ಬಂದ ಹುಸೈನಾರಾ ಖಾತೂನ್ ಮೊಕದ್ದಮೆಯಲ್ಲಿ, ಉಚಿತ ಕಾನೂನು ನೆರವು 21ನೆಯ ವಿಧಿಯ ಅಂಗವೇ ಎಂದು ಸ್ಥಿರವಾಯಿತು. ಭಾಗಲ್ಪುರದಲ್ಲಿ ಪೊಲೀಸರ ವಶದಲ್ಲಿದ್ದವರ ಕಣ್ಣುಗಳನ್ನು ಕುರುಡು ಮಾಡಿದ ಘೋರ ಪ್ರಕರಣದಲ್ಲಿ, ಈ ಹಕ್ಕು ವಿಚಾರಣೆಯ ದಿನದಿಂದಲ್ಲ, ಮ್ಯಾಜಿಸ್ಟ್ರೇಟರ ಮುಂದೆ ಮೊದಲ ಸಲ ನಿಲ್ಲಿಸಿದಂದಿನಿಂದಲೇ ಹುಟ್ಟುವುದೆಂದು ಕೋರ್ಟು ಹೇಳಿತು. ಬೊಕ್ಕಸದಲ್ಲಿ ಹಣವಿಲ್ಲವೆಂಬ ನೆಪವನ್ನು ಸರಕಾರವು ಹೂಡಕೂಡದೆಂದೂ ಹೇಳಿತು.

ಇವೆಲ್ಲಕ್ಕೂ ಮಿಗಿಲಾಗಿ ನಮ್ಮ ವಿಷಯಕ್ಕೆ ಸಲ್ಲುವುದು 1986ರ ಸುಕ್ ದಾಸ್ ಮೊಕದ್ದಮೆ. ಅರುಣಾಚಲ ಪ್ರದೇಶದ ಒಬ್ಬ ಸಾಮಾನ್ಯ ಸರಕಾರಿ ನೌಕರನು ಮೇಲಧಿಕಾರಿಗೆ ಬೆದರಿಕೆ ಹಾಕಿದನೆಂದು ಶಿಕ್ಷಿತನಾದನು. ಅವನಿಗೆ ವಕೀಲನಿರಲಿಲ್ಲ. ಕೆಳಗಿನವರ ಸಮಾಧಾನವು ನಮ್ಮ ಉದಾಹರಣೆಯಲ್ಲಿ ಬಂದುದೇ: "ಅವನು ಕೇಳಲಿಲ್ಲ." ಸುಪ್ರೀಂ ಕೋರ್ಟು ಈ ಸಮಾಧಾನವನ್ನು ತಿರಸ್ಕರಿಸಿ ಶಿಕ್ಷೆಯನ್ನು ರದ್ದುಪಡಿಸಿತು. ಹಕ್ಕುಂಟೆಂಬುದನ್ನೇ ಅರಿಯದವನು ಅದನ್ನು ಕೇಳುವುದೆಂತು? ತಿಳಿಸಬೇಕಾದುದು ನ್ಯಾಯಾಧೀಶರ ಕರ್ತವ್ಯ. ತಿಳಿಸದೆ ನಡೆಸಿದ ವಿಚಾರಣೆಯು ಊರ್ಜಿತವಾಗದು. ಅಂದಿನಿಂದ "ಬಹುದು" ಎಂಬುದು ಹೋಗಿ "ಬೇಕು" ಎಂಬುದು ಬಂದಿತು.

2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಈ ಹಕ್ಕು ಮರಳಿ 340ನೆಯ ಕಲಮಿಗೇ ಬಂದು ಕುಳಿತಿರುವುದು. ಅದರ ಮುಂದಿನ 341ನೆಯ ಕಲಮು, ಸೆಷನ್ಸ್ ಕೋರ್ಟಿಗೆ ಮಾತ್ರ ಇದ್ದ ಕಟ್ಟಳೆಯನ್ನು ವಿಸ್ತರಿಸಿ, ವಿಚಾರಣೆಯಲ್ಲಿಯೂ ಅಪೀಲಿನಲ್ಲಿಯೂ ಬಡ ಆಪಾದಿತನಿಗೆ ಕೋರ್ಟೇ ವಕೀಲನನ್ನು ನೇಮಿಸತಕ್ಕದ್ದೆಂದು ವಿಧಿಸಿದೆ. 1987ರ ಕಾನೂನು ಸೇವೆಗಳ ಪ್ರಾಧಿಕಾರದ ಕಾಯಿದೆಯ 12ನೆಯ ಕಲಮಿನಲ್ಲಿ ನೆರವಿಗೆ ಅರ್ಹರಾದವರ ಪಟ್ಟಿಯಿದೆ. ಪರಿಶಿಷ್ಟ ಜಾತಿ ಪಂಗಡಗಳವರು, ಸ್ತ್ರೀಯರು, ಮಕ್ಕಳು, ಕೈಗಾರಿಕಾ ಕಾರ್ಮಿಕರು, ಬಂಧನದಲ್ಲಿರುವವರು ಇವರೆಲ್ಲರೂ ಅದರಲ್ಲಿ ಬರುವರು. ಗಣಿಯು ನಡೆಯುತ್ತಿದ್ದರೆ ನಮ್ಮ ಕೂಲಿಯು ಕಾರ್ಮಿಕನೆಂಬ ಹೆಸರಿನಲ್ಲಿಯೇ ಅರ್ಹನಾಗುತ್ತಿದ್ದನು. ಗಣಿಯು ಮುಚ್ಚಿ ಆ ಹೆಸರು ಹೋದರೂ, ದಸ್ತಗಿರಿಯಾದ ಕ್ಷಣದಿಂದ ಬಂಧಿತನೆಂಬ ಕಾರಣದಿಂದ ಅರ್ಹನಾಗುವನು. ಅವನ ಆದಾಯವೆಷ್ಟೆಂದು ಕೇಳುವ ಪ್ರಮೇಯವೇ ಇಲ್ಲ.

ಆಕ್ಷೇಪಣೆಗೆ ಉತ್ತರ

ಇಲ್ಲಿ ಗೃಹಸ್ಥರಾದ ವಾಚಕರಲ್ಲಿ ಕೆಲವರು ಆಕ್ಷೇಪಿಸಬಹುದು: "ಕಳ್ಳರಿಗೂ ಕೊಲೆಗಡುಕರಿಗೂ ನಾವು ತೆತ್ತ ತೆರಿಗೆಯಿಂದ ವಕೀಲರೇತಕ್ಕೆ?" ಈ ಪ್ರಶ್ನೆಯಲ್ಲಿಯೇ ತೀರ್ಪು ಅಡಗಿದೆ. ಅವನು ಕಳ್ಳನೋ ಅಲ್ಲವೋ ಎಂಬುದನ್ನು ನಿರ್ಧರಿಸುವುದಕ್ಕಾಗಿಯೇ ಅಲ್ಲವೇ ವಿಚಾರಣೆ? ಸರಕಾರದ ಪಕ್ಷಕ್ಕೆ ನಮ್ಮ ತೆರಿಗೆಯಿಂದಲೇ ಪೊಲೀಸರು, ಪ್ರಯೋಗಶಾಲೆಗಳು, ಪ್ರಾಸಿಕ್ಯೂಟರುಗಳು ಇರುವರು. ಒಂದು ತಟ್ಟೆಯಲ್ಲಿ ಇಷ್ಟನ್ನಿಟ್ಟು ಇನ್ನೊಂದು ತಟ್ಟೆಯನ್ನು ಬರಿದಾಗಿಟ್ಟರೆ ತಕ್ಕಡಿಯ ಮುಳ್ಳು ಸತ್ಯವನ್ನು ತೋರಿಸುವುದೆಂದು ನಂಬುವುದು ಹೇಗೆ? ನಿರಪರಾಧಿಯು ಶಿಕ್ಷಿತನಾದರೆ ನಿಜವಾದ ಅಪರಾಧಿಯು ಊರಿನಲ್ಲಿಯೇ ಉಳಿದನೆಂದು ಅರ್ಥ. ವಕೀಲನಿಲ್ಲದೆ ಆದ ಶಿಕ್ಷೆಯು ಮೇಲಿನ ಕೋರ್ಟಿನಲ್ಲಿ ಮುರಿದುಬಿದ್ದರೆ ನೊಂದವನಿಗೂ ನ್ಯಾಯ ದೊರೆಯಲಿಲ್ಲ. 2022ರ ಕೊನೆಯಲ್ಲಿ ನಮ್ಮ ದೇಶದ ಜೈಲುಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣಾಧೀನರಾಗಿದ್ದರು. ಅಂದರೆ ಜೈಲಿನಲ್ಲಿರುವ ನಾಲ್ವರಲ್ಲಿ ಮೂವರು ಕಾಯಿದೆಯ ದೃಷ್ಟಿಯಲ್ಲಿ ಇನ್ನೂ ನಿರಪರಾಧಿಗಳು.

ಇನ್ನೊಂದು ಆಕ್ಷೇಪಣೆಯು ವಕೀಲರ ಬಾಯಿಂದಲೇ ಬಂದುದು ಶೋಚನೀಯ. 2020ರ ಜನವರಿಯಲ್ಲಿ ಮೈಸೂರಿನಲ್ಲಿ ಭಿತ್ತಿಫಲಕವೊಂದನ್ನು ಹಿಡಿದ ಯುವತಿಯ ಪರವಾಗಿಯೂ, ಫೆಬ್ರವರಿಯಲ್ಲಿ ಹುಬ್ಬಳ್ಳಿಯಲ್ಲಿ ರಾಜದ್ರೋಹದ ಆಪಾದನೆಗೆ ಗುರಿಯಾದ ಮೂವರು ಕಾಶ್ಮೀರದ ವಿದ್ಯಾರ್ಥಿಗಳ ಪರವಾಗಿಯೂ ಯಾರೂ ವಕಾಲತ್ತು ವಹಿಸಕೂಡದೆಂದು ಆಯಾ ಊರಿನ ವಕೀಲರ ಸಂಘಗಳು ನಿರ್ಣಯ ಮಾಡಿದುವು. ಹುಬ್ಬಳ್ಳಿಯ ವಿದ್ಯಾರ್ಥಿಗಳ ಜಾಮೀನಿಗಾಗಿ ಬೆಂಗಳೂರಿನಿಂದ ಹೋದ ವಕೀಲರಿಗೆ ಪೊಲೀಸರ ರಕ್ಷಣೆಯನ್ನು ಕೊಡಿಸಬೇಕಾಗಿ ಬಂದಿತು. ಮುಖ್ಯ ನ್ಯಾಯಮೂರ್ತಿ ಅಭಯ್ ಓಕಾರವರಿದ್ದ ಕರ್ನಾಟಕ ಹೈಕೋರ್ಟಿನ ಪೀಠವು ಇಂತಹ ನಿರ್ಣಯವು ರಾಜ್ಯಾಂಗಕ್ಕೆ ವಿರುದ್ಧವೆಂದು ಕಟುವಾಗಿ ನುಡಿಯಿತು. ಇದು ಹೊಸ ಮಾತೂ ಅಲ್ಲ: ಇಂತಹ ನಿರ್ಣಯಗಳು ಶೂನ್ಯವೆಂದು ಸುಪ್ರೀಂ ಕೋರ್ಟು 2010ರಲ್ಲಿಯೇ, ಕೊಯಮತ್ತೂರಿನ ಒಂದು ಪ್ರಕರಣದಲ್ಲಿ, ಸಾರಿದ್ದಿತು.

ನಾವು ರಾಷ್ಟ್ರಾಭಿಮಾನಿಗಳೆಂದು ಹೇಳಿಕೊಳ್ಳಲು ಸಂಕೋಚಪಡುವವರಲ್ಲ. ಆದಕಾರಣವೇ ಸ್ಪಷ್ಟವಾಗಿ ಹೇಳುತ್ತೇವೆ: ದೇಶದ ಮೇಲಿನ ಪ್ರೀತಿಯು ಆಪಾದಿತನ ವಕೀಲನನ್ನು ಕಿತ್ತುಕೊಳ್ಳುವುದರಿಂದ ಸಿದ್ಧಿಸುವುದಿಲ್ಲ. 2008ರಲ್ಲಿ ಮುಂಬಯಿಯ ಮೇಲೆ ಬಿದ್ದು ನಿರ್ದಯವಾಗಿ ಕೊಂದವರಲ್ಲಿ ಸಿಕ್ಕಿಬಿದ್ದ ಅಜ್ಮಲ್ ಕಸಬನಿಗಿಂತ ಹೆಚ್ಚಾಗಿ ಈ ದೇಶದ ಕೋಪಕ್ಕೆ ಗುರಿಯಾದವನು ಯಾವನು? ಅವನಿಗೂ ನಮ್ಮ ಕೋರ್ಟುಗಳು ವಕೀಲರನ್ನು ಕೊಟ್ಟುವು. 2012ರಲ್ಲಿ ಅವನ ಮರಣದಂಡನೆಯನ್ನು ಎತ್ತಿಹಿಡಿದ ತೀರ್ಪಿನಲ್ಲಿಯೇ ಸುಪ್ರೀಂ ಕೋರ್ಟು, ಮೊದಲ ಹಾಜರಿಯಂದೇ ಬಂಧಿತನಿಗೆ ಈ ಹಕ್ಕನ್ನು ತಿಳಿಸಿ ವಕೀಲನನ್ನು ಒದಗಿಸುವುದು ಪ್ರತಿಯೊಬ್ಬ ಮ್ಯಾಜಿಸ್ಟ್ರೇಟರ ಕರ್ತವ್ಯವೆಂದೂ, ತಪ್ಪಿದವರು ಇಲಾಖೆಯ ಕ್ರಮಕ್ಕೆ ಗುರಿಯಾಗತಕ್ಕವರೆಂದೂ ಆಜ್ಞಾಪಿಸಿತು. ಅಂತಹವನಿಗೆ ಕೊಟ್ಟುದನ್ನು ಮಾರಿಕುಪ್ಪದ ಕೂಲಿಗೆ ಕೊಡದೆ ಇರುವುದು ಯಾವ ನ್ಯಾಯ?

ಮೊದಲ ದಿನದ ಬೆಲೆ

ಕಾಯಿದೆಯು ಇಷ್ಟು ಮುಂದುವರಿದಿರುವಾಗ ಕೊರತೆಯೆಲ್ಲಿ? ನಮ್ಮ ಅಭಿಪ್ರಾಯದಲ್ಲಿ ಮೊದಲ ದಿನದಲ್ಲಿ. ಸಂಹಿತೆಯ 341ನೆಯ ಕಲಮು ವಿಚಾರಣೆ ಮತ್ತು ಅಪೀಲುಗಳನ್ನು ಹೆಸರಿಸಿದೆ. ಮೊದಲ ಹಾಜರಿಯ ಮಾತು ಕೋರ್ಟುಗಳ ತೀರ್ಪುಗಳಿಂದ ಬಂದುದೇ ಹೊರತು ಆ ಕಲಮಿನ ಅಕ್ಷರಗಳಲ್ಲಿಲ್ಲ. ಬಡವನ ಗತಿಯು ನಿರ್ಧಾರವಾಗುವುದಾದರೋ ಆ ಮೊದಲ ದಿನವೇ. ಜಾಮೀನು ಕೇಳುವವರಿಲ್ಲದೆ ಜೈಲಿಗೆ ಹೋದವನ ಕೆಲಸ ಹೋಗುವುದು, ಮನೆಯ ಬಾಡಿಗೆ ನಿಲ್ಲುವುದು, ಮಕ್ಕಳ ಶಾಲೆ ತಪ್ಪುವುದು. ಅರವತ್ತು ಅಥವಾ ತೊಂಬತ್ತು ದಿನಗಳೊಳಗೆ ಪೊಲೀಸರು ಆಪಾದನಾ ಪತ್ರವನ್ನು ಸಲ್ಲಿಸದಿದ್ದರೆ ಬಂಧಿತನಿಗೆ ಜಾಮೀನು ಹಕ್ಕಾಗಿಯೇ ಲಭಿಸುವುದು. ಆದರೆ ಅದನ್ನು ಅವನು ಆಗಲೇ ಬೇಡಬೇಕು. ಬೇಡುವುದಕ್ಕೆ ಮುಂಚೆ ಪತ್ರವು ಬಂದುಬಿಟ್ಟರೆ ಆ ಹಕ್ಕು ಕೈಬಿಟ್ಟಂತೆಯೇ. ದಿನಗಳನ್ನು ಎಣಿಸುವವರು ಯಾರು? ಸಣ್ಣಪುಟ್ಟ ಮೊಕದ್ದಮೆಗಳಲ್ಲಿ, "ಒಪ್ಪಿಕೊಂಡುಬಿಡು, ದಂಡ ಕಟ್ಟಿ ಇಂದೇ ಮನೆಗೆ ಹೋಗು" ಎಂಬ ಮಾತಿಗೆ ಮರುಳಾಗಿ ಮಾಡದ ತಪ್ಪನ್ನು ಒಪ್ಪಿಕೊಂಡವನು, ಶಿಕ್ಷಿತನೆಂಬ ಹಣೆಪಟ್ಟಿಯು ತನ್ನ ಮುಂದಿನ ಜೀವನವನ್ನೆಲ್ಲ ಹೇಗೆ ಬೆನ್ನಟ್ಟುವುದೆಂಬುದನ್ನು ಅರಿಯನು. ಅದನ್ನು ತಿಳಿಹೇಳುವವನೇ ವಕೀಲನು.

ಹಾಗೆಂದು ಹೆಸರಿಗೊಬ್ಬ ವಕೀಲನಿದ್ದರೆ ಸಾಲದು. ಮಧ್ಯಪ್ರದೇಶದ ಮೊಕದ್ದಮೆಯೊಂದರಲ್ಲಿ ವಕೀಲನನ್ನು ನೇಮಿಸಿದ ದಿನವೇ ಆಪಾದನೆಯನ್ನು ರಚಿಸಿ, ಕೆಲವೇ ದಿನಗಳಲ್ಲಿ ಮರಣದಂಡನೆಯನ್ನು ವಿಧಿಸಲಾಗಿತ್ತು. 2019ರಲ್ಲಿ ಸುಪ್ರೀಂ ಕೋರ್ಟು ಅದನ್ನು ತಳ್ಳಿಹಾಕಿ, ಮರಣದಂಡನೆ ಅಥವಾ ಜೀವಾವಧಿ ಶಿಕ್ಷೆಗೆ ಆಸ್ಪದವಿರುವ ಮೊಕದ್ದಮೆಗಳಲ್ಲಿ ಕನಿಷ್ಠ ಹತ್ತು ವರ್ಷಗಳ ಅನುಭವವುಳ್ಳ ವಕೀಲರನ್ನೇ ನೇಮಿಸಬೇಕೆಂದೂ, ಸಿದ್ಧತೆಗೆ ಸಾಮಾನ್ಯವಾಗಿ ಕನಿಷ್ಠ ಏಳು ದಿನಗಳ ಅವಕಾಶ ಕೊಡಬೇಕೆಂದೂ ವಿಧಿಸಿತು. ರಾಷ್ಟ್ರೀಯ ಪ್ರಾಧಿಕಾರವು 2022ರ ಯೋಜನೆಯಿಂದ, ಆಪಾದಿತರ ಸಮರ್ಥನೆಯನ್ನೇ ಪೂರ್ಣಕಾಲದ ಕೆಲಸವಾಗಿಟ್ಟುಕೊಂಡ ವಕೀಲರನ್ನು ಜಿಲ್ಲೆಗಳಲ್ಲಿ ನೇಮಿಸಲು ಆರಂಭಿಸಿರುವುದು ಸ್ತುತ್ಯವಾದ ಕಾರ್ಯ. ಜಿಲ್ಲಾ ಕೇಂದ್ರದಲ್ಲಿ ಹಚ್ಚಿದ ಆ ದೀಪದ ಬೆಳಕು ತಾಲ್ಲೂಕಿನ ಕೋರ್ಟುಗಳ ಮೊದಲ ಹಾಜರಿಯವರೆಗೂ ಬೀಳಬೇಕೆಂಬುದೇ ನಮ್ಮ ಬಯಕೆ.

ಮಾಡತಕ್ಕ ಕೆಲಸ

ಕೆ.ಜಿ.ಎಫ್. ಮತ್ತು ಬಂಗಾರಪೇಟೆಗಳಲ್ಲಿ ಇದಕ್ಕಾಗಿ ದೊಡ್ಡ ಹಣವೇನೂ ಬೇಕಾಗಿಲ್ಲ. ಮೊದಲನೆಯದಾಗಿ, ಬಂಧಿತನನ್ನು ಹಾಜರುಪಡಿಸಿದಾಗ ಅವನಿಗೆ ತಿಳಿಯುವ ಭಾಷೆಯಲ್ಲಿ, ಕನ್ನಡವಾಗಲಿ ತಮಿಳಾಗಲಿ ತೆಲುಗಾಗಲಿ ಉರ್ದುವಾಗಲಿ, ವಕೀಲನ ಹಕ್ಕನ್ನು ತಿಳಿಸಿ, ತಿಳಿಸಿದುದನ್ನೂ ಅವನು ಕೊಟ್ಟ ಉತ್ತರವನ್ನೂ ಆ ದಿನದ ಹಾಳೆಯಲ್ಲಿ ಬರೆಯಿಸಬೇಕು. ಹೀಗೆ ಬರೆಯುವ ಅಭ್ಯಾಸವೇ ಮರೆವಿಗೆ ಮದ್ದು. ಎರಡನೆಯದಾಗಿ, ರಜಾ ದಿನಗಳೂ ಸೇರಿದಂತೆ ಮೊದಲ ಹಾಜರಿಯ ಹೊತ್ತಿಗೆ ಸರದಿಯ ಮೇಲೆ ಒಬ್ಬ ವಕೀಲರಾದರೂ ಇರುವಂತೆ ತಾಲ್ಲೂಕು ಕಾನೂನು ಸೇವಾ ಸಮಿತಿಗಳು ನೋಡಿಕೊಳ್ಳಬೇಕು. ಮೂರನೆಯದಾಗಿ, ಆ ವಕೀಲರ ಹೆಸರು, ದೂರವಾಣಿಗಳನ್ನು ಪ್ರತಿಯೊಂದು ಠಾಣೆಯಲ್ಲಿಯೂ ಬಂಧಿತನ ಮನೆಯವರ ಕಣ್ಣಿಗೆ ಬೀಳುವಂತೆ ಮೇಲಿನ ಭಾಷೆಗಳಲ್ಲಿ ಬರೆಯಿಸಬೇಕು. ನಾಲ್ಕನೆಯದಾಗಿ, ಹೆಸರುವಾಸಿಯಾದ ಹಿರಿಯ ವಕೀಲರು ವರ್ಷಕ್ಕೆ ಒಂದೆರಡು ಬಡವರ ಮೊಕದ್ದಮೆಗಳನ್ನು ತಾವೇ ನಡೆಸಬೇಕು. ಕೆಂಪುಕೋಟೆಯ ಪರಂಪರೆಯು ಭಾವಚಿತ್ರಗಳಿಗೆ ಹಾರ ಹಾಕುವುದರಿಂದ ಉಳಿಯದು.

ಅಧಿಕಾರಿಗಳಿಗೂ ವಕೀಲರಿಗೂ ಹೇಳಿ ಪುರಜನರನ್ನು ಬಿಟ್ಟರೆ ಪಕ್ಷಪಾತವಾದೀತು. ಮನೆಗೆಲಸದವಳ ಮಗನನ್ನೋ ಅಂಗಡಿಯ ಆಳನ್ನೋ ಪೊಲೀಸರು ಕರೆದೊಯ್ದರೆಂದು ಕೇಳಿದಾಗ ನಮ್ಮಲ್ಲಿ ಹೆಚ್ಚಿನವರು ಮಾಡುವುದೇನು? ಅವನ ಲೆಕ್ಕವನ್ನು ತೀರಿಸಿ ಬೇರೊಬ್ಬನನ್ನು ನೇಮಿಸಿಕೊಳ್ಳುತ್ತೇವೆ. ಅದಕ್ಕೆ ಬದಲಾಗಿ, ಕೋರ್ಟಿನ ಆವರಣದ ಕಾನೂನು ಸೇವಾ ಸಮಿತಿಗೆ ಒಂದು ಅರ್ಜಿ ಬರೆದುಕೊಡಬಹುದು. 15100 ಎಂಬ ಉಚಿತ ದೂರವಾಣಿಗೆ ಒಂದು ಕರೆ ಮಾಡಬಹುದು. ಅಕ್ಷರ ಬಲ್ಲವನಿಗೆ ಇದು ಕಾಲು ಗಂಟೆಯ ಕೆಲಸ. ಅಕ್ಷರವಿಲ್ಲದ ತಾಯಿಗೆ ಇದೇ ದೊಡ್ಡ ಬೆಟ್ಟ.

ಒಂದು ಕಾಲಕ್ಕೆ ಈ ನೆಲದ ಚಿನ್ನವನ್ನು ಕಾಪಾಡುವುದಕ್ಕಾಗಿ ಮನುಷ್ಯನನ್ನು ಸಂಶಯಿಸುವ ಕಾಯಿದೆಯಾಯಿತು. ಚಿನ್ನದ ಕೆಲಸ ನಿಂತುಹೋಯಿತು, ಮನುಷ್ಯರು ಉಳಿದಿದ್ದಾರೆ. ಅವರನ್ನು ಕಾಪಾಡುವುದಕ್ಕೂ ಕಾಯಿದೆಯುಂಟು. ಅದು ಅವರ ಕಿವಿಗೆ ಮುಟ್ಟಬೇಕಾಗಿದೆ. ಮುಂದಿನ ಸಲ ಆ ಮುಂಜಾನೆಯ ರೈಲಿನಲ್ಲಿ ಒಬ್ಬನ ಸ್ಥಳವು ಬರಿದಾದಾಗ, ಮ್ಯಾಜಿಸ್ಟ್ರೇಟರ ಮುಂದೆ ಅವನ ಪಕ್ಕದ ಸ್ಥಳವು ಬರಿದಾಗದಂತೆ ನಮ್ಮ ನ್ಯಾಯಾಧೀಶರೂ, ವಕೀಲರೂ, ಪೊಲೀಸು ಅಧಿಕಾರಿಗಳೂ, ಪುರಪ್ರಮುಖರೂ ನೋಡಿಕೊಳ್ಳುವರೆಂದು ನಾವು ನಿರೀಕ್ಷಿಸುತ್ತೇವೆ.